ಅತ್ತೆಗೆ ‘ಅಷ್ಟರಲ್ಲಿ’ಯ ಮೇಲೆ ಅನುಮಾನ

ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಮನುಷ್ಯರನ್ನು ನಂಬುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಕಣ್ಣೆದುರಿಗೆ ಇರುವ ತನಕ ಎಲ್ಲರನ್ನೂ ನಂಬುತ್ತಿದ್ದಳು. ಅವಳ ಅನುಮಾನವೆಲ್ಲ ಒಂದೇ ಒಂದು ಪದದ ಮೇಲೆ: ‘ಅಷ್ಟರಲ್ಲಿ’. ಮನುಷ್ಯ ಕಣ್ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವ ನಡುವೆ ಇರುತ್ತದಲ್ಲ, ಆ ಹೊತ್ತು!

ನಮಗೆಲ್ಲ ಅದೊಂದು ಸಾಧು ಪದ. ಒಂದು ಕೆಲಸ ಮುಗಿದಿರುವುದಿಲ್ಲ, ಇನ್ನೊಂದು ಶುರುವಾಗಿಬಿಡುತ್ತದೆ. ಆ ಸಂದಿಯ ಹೆಸರು ‘ಅಷ್ಟರಲ್ಲಿ’. ಅತ್ತೆಯ ಪ್ರಕಾರ ಮಾತ್ರ ಅದಕ್ಕೆ ಅರ್ಥ ಒಂದೇ, ಅನಾಹುತ.

“ಒಳ್ಳೇದು ಯಾವತ್ತಾದ್ರೂ ಅಷ್ಟರಲ್ಲಿ ಆಗಿದ್ದು ಕೇಳಿದೀಯೇನೇ? ಹೂ ಕೀಳೋಕೆ ಹೋದೆ, ಅಷ್ಟರಲ್ಲಿ ಹಾಲು ಉಕ್ತು. ಬ್ಯಾಗ್ ಎತ್ಕೊಳ್ತಿದ್ದೆ, ಅಷ್ಟರಲ್ಲಿ ಬಸ್ಸು ಹೋಯ್ತು.”

“ಮಳೆ ಬರೋ ಅಷ್ಟರಲ್ಲಿ ಮನೆ ಸೇರ್ಕೊಂಡೆ ಅಂತಾರಲ್ಲತ್ತೆ?”

“ಸೇರ್ಕೊಂಡೋರು ಅಂತಾರೆ. ನೆಂದೋರ್ನ ಕೇಳು.”



ಗುಬ್ಬಿಯ ನಮ್ಮ ಮನೆಯ ಅಟ್ಟದ ಮೇಲೆ ಕೊಬ್ಬರಿಗೆಂದು ತೆಂಗಿನಕಾಯಿ ತುಂಬಿಸುತ್ತಿದ್ದೆವು. ಕಾಯಿ ವರ್ಷದ ಹತ್ತಿರ ಹತ್ತಿರ ಅಲ್ಲೇ ಸುಮ್ಮನೆ ಕೂತು, ಒಳಗಿನ ನೀರು ಹಿಂಗಿ ಕೊಬ್ಬರಿಯಾಗಬೇಕು. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲದ ಆ ತಿಂಗಳುಗಳನ್ನು ಅತ್ತೆ ಹೇಗೆ ಸಹಿಸಿಯಾಳು? ಏಣಿ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, “ಇದ್ಯಾಕೋ ಸರಿಯಾಗಿ ಮಾತಾಡ್ತಿಲ್ಲ” ಎಂದು ಕೆಳಗಿಳಿಸಿ ಒಡೆದು ನೋಡುವಳು. ಕಾಯಿ ಚೆನ್ನಾಗಿಯೇ ಇರುತ್ತಿತ್ತು. ಒಡೆದ ಮೇಲೆ ಬಿಸಾಡುವುದುಂಟೇ? ಚಟ್ನಿ! ಒಂದು ವರ್ಷವಂತೂ ಕೊಬ್ಬರಿ ಇಳಿಸಲು ಅಟ್ಟ ಹತ್ತಿದ ಅಪ್ಪನಿಗೆ ಒಂದು ಮೂಲೆ ಪೂರ್ತಿ ಖಾಲಿ ಕಂಡಿತು.

“ಅಕ್ಕ, ಇಲ್ಲಿದ್ದ ಕಾಯೆಲ್ಲ ಎಲ್ಲಿ?”

“ಚೆನ್ನಾಗಿದ್ವು ಕಣೋ. ಒಂದೂ ಕೆಟ್ಟಿರ್ಲಿಲ್ಲ” ಎಂದಳು ಅತ್ತೆ, ಸಮಾಧಾನವಾಗಿ.

ಇಂಥ ಅತ್ತೆಯ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ನಿಶ್ಚಿತಾರ್ಥ ಸಿಕ್ಕಿತು. ಹುಡುಗ ಹುಲಿಯೂರುದುರ್ಗದವನು, ಅಲ್ಲೇ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ತಾಂಬೂಲ ಬದಲಾಯಿಸಿದ್ದಾಯಿತು, ಆಷಾಢ ಅಡ್ಡ ಬಂತು. ಶ್ರಾವಣದ ಕೊನೆಗೆ ಮದುವೆ ಎಂದು ಹಿರಿಯರು ತೀರ್ಮಾನಿಸಿದರು. ಅತ್ತೆಯ ನಿದ್ದೆ ಹಾರಿಹೋಯಿತು.

“ಹುಡುಗ ಈಗ ಏನ್ ಮಾಡ್ತಿರ್ಬೋದು?”

“ಮೋಟರ್ ಸುತ್ತುತಿರ್ತಾನೆ ಅತ್ತೆ.”

“ಅದು ಬೆಳಿಗ್ಗೆ. ಆಮೇಲೆ?”

ಒಂದು ದಿನ ಕೆಟ್ಟುಹೋದ ಮಿಕ್ಸಿಯನ್ನು ಬ್ಯಾಗಿಗೆ ಹಾಕಿಕೊಂಡು, ತುಮಕೂರಿಗೆ ಹೋಗಿ ಬರ್ತೀನಿ ಎಂದು ಹೊರಟವಳು ನೇರ ಹೋಗಿ ಇಳಿದದ್ದು ಹುಲಿಯೂರುದುರ್ಗದಲ್ಲಿ. ಗುರುತು ಸಿಗಬಾರದೆಂದು ತಲೆಯ ಮೇಲೆ ಸೆರಗು ಬೇರೆ! ನಿಶ್ಚಿತಾರ್ಥದ ದಿನ ಎಲೆಯ ಮುಂದೆ ನಿಂತು ಬಲವಂತ ಮಾಡಿ ಒಬ್ಬಟ್ಟು ಬಡಿಸಿದವಳನ್ನು ಹುಡುಗ ಮರೆಯುತ್ತಾನೆಯೇ? ಆದರೂ ಏನೂ ತಿಳಿಯದವನಂತೆ ಮಿಕ್ಸಿ ಬಿಚ್ಚಿದ.

“ಎಲ್ಲಿಂದ ಬಂದ್ರಿ ಅಮ್ಮ?”

“ಇಲ್ಲೇ ಪಕ್ಕದಿಂದ. ಮದುವೆ ಆಗಿದ್ಯೇನಪ್ಪ?”

“ಗುಬ್ಬೀಲಿ ಹೆಣ್ಣು ನಿಶ್ಚಯ ಆಗಿದೆ.”

“ಅಷ್ಟರಲ್ಲಿ ಬೇರೆ ಕಡೆಯೋರು ಯಾರಾದ್ರೂ ಬಂದು ಕೇಳಿದ್ರಾ?”

ಅವನಿಗೆ ನಗು ಬಂತು. ಅಂಗಡಿಗೆ ಊಟ ತಂದು ಹಿಂದೆಯೇ ನಿಂತಿದ್ದ ಅವನ ತಾಯಿಗೆ ಬರಲಿಲ್ಲ.

ಸಂಜೆ ಹುಡುಗನ ತಂದೆ ಅಪ್ಪನಿಗೆ ಫೋನ್ ಮಾಡಿದರು. “ನಮ್ ಮೇಲೆ ಇಷ್ಟು ಅನುಮಾನ ಇರೋ ಮನೆಯಿಂದ ಹೆಣ್ಣು ತರೋದು ಹೆಂಗೆ ಯಜಮಾನ್ರೇ? ಯೋಚ್ನೆ ಮಾಡ್ಬೇಕಾಗ್ತದೆ.” ಅಪ್ಪ ಕೂಗಾಡಿದ. ಅತ್ತೆ ನನ್ನ ಪಕ್ಕ ಬಂದು ಕೂತಳು.

“ನಂಗೂ ತಾಂಬೂಲ ಆಗಿತ್ತು ಕಣೇ. ಗಂಡಿನ ಮನೆ ಬಾಗಿಲಿಗೆ ಹೋಗಿ ವಿಚಾರಿಸೋದು ಮರ್ಯಾದೆ ಅಲ್ಲ ಅಂತ ನಮ್ಮಪ್ಪ ಸುಮ್ನಿದ್ರು. ಅಷ್ಟರಲ್ಲಿ ಅವ್ರು ಬೇರೆ ಕಡೆ ಮದುವೆ ಮಾಡಿ ಮುಗಿಸಿದ್ರು. ನಾವು ಧಾರೆ ಸೀರೆ ತಗೊಳೋಕೆ ಹೋದಾಗ ಅಂಗಡಿಯೋರು ಹೇಳಿದ್ರು.”

ಅತ್ತೆಯೇ ಮದುವೆ ಬೇಡ ಎಂದಳಂತೆ, ಹಾಗೆಂದೇ ನಾನು ಅದುವರೆಗೂ ಕೇಳಿದ್ದು. ಅವಳನ್ನು ನೋಡಿ ಎಷ್ಟು ನಕ್ಕಿದ್ದೆವು!

ಮಾರನೇ ದಿನ ಮನೆಯವರಿಗೆ ತಿಳಿಯದಂತೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಅವನು ಬರೀ “ಹೂಂ” ಅಂದ. ನಾನು ಅತ್ತುಕೊಂಡೇ ಮನೆಗೆ ಬಂದೆ.

ಭಾನುವಾರ ಅವನು ಬಂದ. ಕುಣಿಗಲ್ಲಿನಲ್ಲೊಮ್ಮೆ, ತುಮಕೂರಿನಲ್ಲೊಮ್ಮೆ ಬಸ್ಸು ಬದಲಾಯಿಸಿ ಬಂದವನು ಚಪ್ಪಲಿ ಬಿಟ್ಟು ಅತ್ತೆಯ ಎದುರಿಗೆ ನಿಂತ. “ಅಮ್ಮಾ, ನೋಡ್ಕೊಳಿ. ಈ ವಾರಾನೂ ನಾನು ಬೇರೆ ಮದುವೆ ಆಗಿಲ್ಲ. ನಮ್ಮಮ್ಮಂಗೆ ಎಲ್ಲಾ ಹೇಳಿದೀನಿ, ಕೋಪ ಇಳಿದದೆ. ಮುಂದಿನ ಭಾನುವಾರಾನೂ ಬರ್ತೀನಿ.” ಬಂದ. ಅದರ ಮುಂದಿನ ವಾರವೂ ಬಂದು ಹಾಜರಿ ಹಾಕಿ, ಕಾಫಿ ಕುಡಿದು ಹೋದ. ನಾನು ಮದುವೆಗೆ ಒಪ್ಪಿದ್ದು ಹಿರಿಯರ ಮಾತಿಗೆ. ಮನಸ್ಸು ಕೊಟ್ಟದ್ದು ಈ ಭಾನುವಾರಗಳಲ್ಲಿ.

ಮದುವೆಗೆ ಮುಂಚಿನ ಕೊನೆಯ ಭಾನುವಾರ ಮಧ್ಯಾಹ್ನ ದಾಟಿದರೂ ಅವನ ಸುಳಿವಿಲ್ಲ. ಅಮ್ಮ ಬಾಗಿಲಿಗೂ ಅಡುಗೆಮನೆಗೂ ಓಡಾಡಿದಳು. ಅಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಸುಳ್ಳೇಕೆ ಹೇಳಲಿ, ಅತ್ತೆಯ ಅನುಮಾನವೆಲ್ಲ ಅವತ್ತು ನನ್ನೊಳಗೇ ಬಂದು ಕೂತಿತ್ತು. ಅಳು ತಡೆದುಕೊಂಡು ಜಗಲಿಗೆ ಬಂದರೆ ಅತ್ತೆ ಅಕ್ಕಿ ಆರಿಸುತ್ತಿದ್ದಳು.

“ಎಲ್ಲೋ ಬಸ್ಸು ಕೆಟ್ಟಿರ್ತದೆ. ಬರ್ತಾನೆ ಬುಡು” ಎಂದಳು. ಮೊರದಿಂದ ತಲೆಯನ್ನೂ ಎತ್ತಲಿಲ್ಲ.