ಇವರು ಯಾವಾಗಲೂ ಹೀಗೇನಾ?

ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುವವರು ಲೋಕದಲ್ಲಿ ಮೂರು ಮಂದಿ: ಮಾಸ್ತರರು, ಪೊಲೀಸರು ಮತ್ತು ನಾನು. ಮೊದಲಿಬ್ಬರು ಕೇಳಿದರೆ ಜನ ಹೆದರಿ ಉತ್ತರ ಕೊಡುತ್ತಾರೆ. ನಾನು ಕೇಳಿದರೆ, 'ಮನುಷ್ಯ ಸಾಯ್ಲತ್ತಾನ, ಇಂವಗ ಮಾತಿನ ಚಟ' ಎಂದು ಬೈಯುತ್ತಾರೆ. ನಾನು ಆಂಬುಲೆನ್ಸಿನ ಹಿಂದಿನ ಭಾಗದಲ್ಲಿ ರೋಗಿಯ ಪಕ್ಕ ಕೂರುವವನು. ಮುಂದೆ ಕೂತವನಿಗೆ ಡ್ರೈವರ್ ಎಂಬ ಹೆಸರಿದೆ. ದವಾಖಾನೆಯಲ್ಲಿ ಕಾಯುವವರಿಗೆ ಡಾಕ್ಟರ್ ಎಂಬ ಹೆಸರಿದೆ. ನಡುವಿನ ದಾರಿಯುದ್ದಕ್ಕೂ ನಾಡಿ ಹಿಡಿದು ಕೂರುವ ನನಗೆ ನಮ್ಮ ಕಡೆ ಸರಿಯಾದ ಹೆಸರಿಲ್ಲ. ಗಾಡಿ ಬೇಗ ಬಂದರೆ ಡಾಕ್ಟರ್ ಸಾಹೇಬ, ಸ್ವಲ್ಪ ತಡವಾದರೆ ಕಂಪೌಂಡರ್, ಬಹಳ ತಡವಾದರೆ ಕರೆಯುವ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಎಲ್ಲಿ ನೋವು, ಯಾವಾಗಿನಿಂದ, ಯಾವ ಮಾತ್ರೆ ನುಂಗುತ್ತೀರಿ, ಕೊನೆಗೆ ಏನು ಉಂಡಿರಿ ಎಂದು ಕೇಳುವುದನ್ನು ಟ್ರೇನಿಂಗಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಅದು ಎಷ್ಟು ನಾಲಿಗೆಗೆ ಹತ್ತಿತೆಂದರೆ, ಸೋದರಮಾವನ ಜೊತೆ ಹೆಣ್ಣು ನೋಡಲು ಹೋದಾಗ, ಚಹಾ ತಂದ ಹುಡುಗಿಗೆ ನಾನು ಕೇಳಿದ ಮೊದಲ ಮಾತೇ, "ನಿಮಗ ಯಾವುದಾದರೂ ಔಷಧ ಮೈಗಿ ಒಗ್ಗೂದಿಲ್ಲೇನ್ರಿ?" ಹುಡುಗಿ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆಮೇಲೆ ಬಂದ ಸಂಬಂಧಗಳನ್ನು ಶಿಫ್ಟ್ ಡ್ಯೂಟಿಯೇ ಓಡಿಸಿತು. ಹೀಗಾಗಿ ನಲವತ್ತು ದಾಟಿದರೂ ಬೀದರಿನ ಚಿದ್ರಿಯಲ್ಲಿ ಒಂದು ಕೋಣೆ, ಔರಾದಿನಲ್ಲಿ ಡ್ಯೂಟಿ, ಇವೆರಡರ ನಡುವೆ ಒಂದು ಬಸ್ಸು, ಇಷ್ಟೇ ನನ್ನ ಸಂಸಾರ. ಕೋಣೆಯಲ್ಲಿ ಪ್ರಶ್ನೆ ಕೇಳಲು ಯಾರೂ ಇಲ್ಲ. ಕೇಳಿದರೆ ನಾನೇ ಉತ್ತರ ಹೇಳಿಕೊಳ್ಳಬೇಕು, ಮತ್ತು ನನ್ನ ಉತ್ತರಗಳಿಂದ ನನಗೇ ಬೇಸರ ಬಂದು ಬಹಳ ವರ್ಷವಾಯಿತು.

ನಮ್ಮ ಪ್ರಶ್ನೆಗಳಲ್ಲೆಲ್ಲ ದೊಡ್ಡದು ರೋಗಿಗೆ ಕೇಳುವುದಲ್ಲ, ಪಕ್ಕದಲ್ಲಿ ನಿಂತವರಿಗೆ ಕೇಳುವುದು: "ಇವರು ಯಾವಾಗಲೂ ಹೀಗೇನಾ?" ಯಾಕೆಂದರೆ ನಾನು ಆ ಮನುಷ್ಯನನ್ನು ನೋಡುತ್ತಿರುವುದು ಮೊದಲ ಸಲ. ಅವನು ತೊದಲುತ್ತಿದ್ದರೆ ಅದು ಈಗ ಬಂದ ತೊದಲೋ, ಹುಟ್ಟಿನಿಂದ ಬಂದದ್ದೋ ನನಗೇನು ಗೊತ್ತು? ಒಮ್ಮೆ ಔರಾದಿನ ಕಿರಾಣಿ ಅಂಗಡಿಯವರೊಬ್ಬರು ಜ್ವರದಲ್ಲಿ ಏನೇನೋ ಬಡಬಡಿಸುತ್ತಿದ್ದರು. ಅವರ ಹೆಂಡತಿಗೆ ಈ ಪ್ರಶ್ನೆ ಹಾಕಿದೆ. ಆಕೆ ಶಾಂತವಾಗಿ, "ಹೌದ್ರಿ, ಲಗ್ನ ಆದಾಗಿಂದ ಹಿಂಗೇ ಇದ್ದಾರ" ಎಂದರು. ನನಗೆ ಅರ್ಧ ಚಿಂತೆ ಕಡಿಮೆಯಾಯಿತು. ಒಬ್ಬ ಮನುಷ್ಯ ದಿನಾ ಹೇಗಿರುತ್ತಾನೆ ಎಂಬುದು ಯಾವ ಯಂತ್ರಕ್ಕೂ ಸಿಗುವುದಿಲ್ಲ. ಅದನ್ನು ಅವನ ಜೊತೆ ಇದ್ದವರೇ ಹೇಳಬೇಕು.

ಒಳ್ಳೆಯ ಕಾಲದಲ್ಲಿ ಈ ಪ್ರಶ್ನೆಗೆ ಹತ್ತು ಜನ ಒಟ್ಟಿಗೆ ಉತ್ತರಿಸುತ್ತಿದ್ದರು. ಗಾಡಿಯಲ್ಲಿ ಒಬ್ಬರು ಬನ್ನಿ ಎಂದರೆ ಐದು ಜನ ಹತ್ತಿ, ಅವರಲ್ಲಿ ಇಬ್ಬರು ಬೀದರಿನಲ್ಲಿ ತಮ್ಮ ಬೇರೆ ಕೆಲಸಕ್ಕೆ ಇಳಿದು ಹೋಗುತ್ತಿದ್ದರು. ಆಗ ನಾನು ಅವರನ್ನು ಶಪಿಸುತ್ತಿದ್ದೆ. ಆದರೆ ನಾನು ಹೇಳಹೊರಟ ವರ್ಷ, ಅದರ ಹಿಂದಿನ ವರ್ಷದಂತೆಯೇ, ಮಳೆ ಮುಖ ತೋರಿಸಲಿಲ್ಲ. ಊರಿಗೆ ಊರೇ ಹೈದರಾಬಾದಿಗೂ ಪುಣೆಗೂ ಗುಳೆ ಹೋಯಿತು. ಸೈರನ್ ಹಾಕಿಕೊಂಡು ಊರೊಳಗೆ ಹೋದರೆ ಸಾಲಾಗಿ ಬೀಗ ಹಾಕಿದ ಬಾಗಿಲುಗಳು. ಹಿಂದೆ ಓಡಿ ಬರಲು ಒಂದು ನಾಯಿ, ಅದೂ ಅರ್ಧ ದಾರಿಗೇ ನಿಲ್ಲುತ್ತಿತ್ತು. ನಮ್ಮ ಡ್ರೈವರ್ ಮಸ್ತಾನ್ ಭಾಯ್, "ಸೈರನ್ ಬಂದ್ ಮಾಡ್ಲಿ ಏನ್ರಿ? ದಾರಿ ಬಿಟ್ಟು ಸರೀರಿ ಅಂತ ಯಾರಿಗಿ ಅನ್ಲಿ?" ಎಂದು ಕೇಳುತ್ತಿದ್ದ. ಬೇಡ, ಇರಲಿ ಎನ್ನುತ್ತಿದ್ದೆ. ಅಷ್ಟಾದರೂ ಸದ್ದು ಬೇಕೆನಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಮಹಾರಾಷ್ಟ್ರದ ಗಡಿ ಕಡೆಯ ಹಳ್ಳಿಯಿಂದ ಕರೆ ಬಂತು. ಫೋನ್ ಮಾಡಿದವನು ನೀರಿನ ಟ್ಯಾಂಕರಿನ ಚಾಲಕ. ಸಿಮೆಂಟಿನ ತೊಟ್ಟಿಯ ಕಟ್ಟೆ ಹತ್ತಿ ಪೈಪು ಹಿಡಿಯಲು ಹೋದ ಹೆಂಗಸು ಜಾರಿ ಬಿದ್ದಿದ್ದಾಳೆ, ತಲೆ ಕಟ್ಟೆಗೆ ಬಡಿದಿದೆ. ನಾವು ಹೋದಾಗ ಆಕೆ ತೊಟ್ಟಿಯ ನೆರಳಲ್ಲಿ ಎದ್ದು ಕೂತಿದ್ದಳು. ಹೆಸರು ಮಾಳಮ್ಮ, ಐವತ್ತರ ಆಸುಪಾಸು, ಕುರಿ ಸಾಕುವ ಮನೆಯವಳು. ಗಂಡ, ಮೈದುನ, ಮೈದುನನ ಹೆಂಡತಿ ಎಲ್ಲರೂ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮೇಕೆ ಮತ್ತು ಸಣ್ಣ ಮರಿಗಳನ್ನು ನೋಡಿಕೊಳ್ಳಲು ಈಕೆ ತಾನಾಗಿಯೇ ಹಿಂದೆ ಉಳಿದಿದ್ದಳು. ಕಿವಿಯ ಮೇಲೆ ನಿಂಬೆಕಾಯಿಯಷ್ಟು ಊತ ಬಿಟ್ಟರೆ ರಕ್ತ ಇಲ್ಲ. ನಾಡಿ ಸರಿ, ಬಿಪಿ ಸರಿ, ಎರಡೂ ಕಣ್ಣಿನ ಪಾಪೆ ಸಮ.

ಇನ್ನು ಬುದ್ಧಿ ನೆಟ್ಟಗಿದೆಯೇ ನೋಡಬೇಕು. ಹೆಸರು ಹೇಳಿದಳು, ಊರು ಹೇಳಿದಳು. "ಇವತ್ತು ಯಾವ ವಾರರಿ?" ಎಂದೆ.

"ಗೊತ್ತಿಲ್ಲ ತಮ್ಮಾ. ಮಂದಿ ಹೋದ ಮ್ಯಾಲ ಸಂತಿ ನಿಂತದ. ಸಂತಿ ಇಲ್ಲಂದ ಮ್ಯಾಲ ವಾರ ಹ್ಯಾಂಗ ತಿಳೀತದ?"

ಪುಸ್ತಕದ ಪ್ರಕಾರ ಇದು ತಪ್ಪು ಉತ್ತರ. ಆದರೆ ಇಷ್ಟು ಸರಿಯಾದ ತಪ್ಪು ಉತ್ತರವನ್ನು ನಾನು ಕೇಳಿರಲಿಲ್ಲ. ಮಸ್ತಾನ್ ಭಾಯ್ ಕಡೆ ನೋಡಿದೆ. ಅವನೂ ಬೆರಳು ಮಡಚಿ ಎಣಿಸುತ್ತಿದ್ದ. ವಾರದ ರಜೆ ಇಲ್ಲದೆ ದುಡಿಯುವ ನಮಗಿಬ್ಬರಿಗೂ ಅವತ್ತು ಯಾವ ವಾರ ಎಂದು ಖಚಿತವಿರಲಿಲ್ಲ. ಟ್ಯಾಂಕರಿನವನಿಗೆ ನನ್ನ ದೊಡ್ಡ ಪ್ರಶ್ನೆ ಕೇಳಿದೆ: ಈಕೆ ಯಾವಾಗಲೂ ಹೀಗೇನಾ? ಅವನು ಮರಾಠಿ ಕಡೆಯವನು. "ನನಗೇನ್ ಗೊತ್ರಿ? ನಾ ನೀರು ಬಿಡ್ತೇನಿ, ಹೋಗ್ತೇನಿ" ಎಂದ.

ಇಷ್ಟರಲ್ಲಿ ನನಗೆ ಮಾಳಮ್ಮನ ಮೇಲೆ ಒಂದು ಥರದ ಪ್ರೀತಿಯೇ ಹುಟ್ಟಿತ್ತು. ಕುತ್ತಿಗೆ ಅಲುಗದಂತೆ ಪಟ್ಟಿ ಹಾಕಲು ಹೋದರೆ ಬೇರೆಯವರು ಗುದ್ದಾಡುತ್ತಾರೆ. ಈಕೆ "ಹಾಕಪ್ಪಾ" ಎಂದು ಕೊರಳು ಕೊಟ್ಟಳು. ಯಾಕೆ ತಡ ಎಂದು ಬೈಯಲಿಲ್ಲ. "ಎಂಥಾ ಬಿಸಲಾಗ ಬಂದಿಯೋ ತಮ್ಮಾ. ಉಂಡಿ ಏನು?" ಎಂದಳು. ಆಮೇಲೆ ಪಕ್ಕದ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ ನನ್ನ ಮುಂದೆ ಹಿಡಿದಳು. ಟ್ಯಾಂಕರ್ ಬಂದ ದಿನ ಮಾತ್ರ ತುಂಬುವ ಕೊಡ ಅದು. ತಲೆಗೆ ಪೆಟ್ಟಾದ ರೋಗಿಗೆ ನೀರು ಕೊಡಬೇಡಿ ಎಂದು ಟ್ರೇನಿಂಗಿನಲ್ಲಿ ಹೇಳಿದ್ದರು. ರೋಗಿಯೇ ನಮಗೆ ಕೊಟ್ಟರೆ ಏನು ಮಾಡಬೇಕೆಂದು ಹೇಳಿರಲಿಲ್ಲ. ಕುಡಿದೆ. ಉಂಡಿ ಏನು ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಇಂಥ ಒಳ್ಳೆಯ ಹೆಂಗಸಿಗೆ ಏನೂ ಆಗಿಲ್ಲ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು.

ಆಕೆಗೂ ಬರುವ ಮನಸ್ಸಿರಲಿಲ್ಲ. "ನಾ ಬಂದ್ರ ಮೇಕಿ ಯಾರು ನೋಡ್ತಾರ? ನೀ ಹೋಗು ನಮ್ಮಪ್ಪಾ" ಎಂದು ಮೆತ್ತಗೆ ಹೇಳಿದಳು. ಬಿಟ್ಟು ಹೋಗುವುದು ಸುಲಭ. ಆದರೆ ಮನೆಯವರಿಗೆ ಒಂದು ಮಾತು ತಿಳಿಸದೆ ಹೋಗುವಂತಿಲ್ಲ. ಆಕೆಯ ಫೋನು ಇಸಿದುಕೊಂಡು ಗಂಡನಿಗೆ ಹಚ್ಚಿದೆ, ಬಂದ್ ಇತ್ತು. ಇನ್ನೊಂದು ನಂಬರಿಗೆ ಹಚ್ಚಿದರೆ ನೆಗೆಣ್ಣಿ, ಅಂದರೆ ಆ ಮೈದುನನ ಹೆಂಡತಿ, ಶಾಂತಮ್ಮ ಎತ್ತಿದಳು. ಎತ್ತಿದ ಕೂಡಲೇ, "ಏನವಾ, ಮತ್ತೇನ್ ಬೈಯೂದು ಉಳದದ?" ಎಂದಳು. ನಾನು ವಿಷಯ ಹೇಳಿ, ಸ್ಪೀಕರ್ ಹಾಕಿ, ಫೋನನ್ನು ಮಾಳಮ್ಮನ ಬಾಯಿಯ ಹತ್ತಿರ ಹಿಡಿದೆ.

"ಶಾಂತಾ, ಹ್ಯಾಂಗಿದ್ದಿ ನಮ್ಮವ್ವಾ? ಬಿಸಲಾಗ ಭಾಳ ದುಡೀಬ್ಯಾಡ. ಉಂಡಿ ಏನು?" ಎಂದಳು ಮಾಳಮ್ಮ.

ಆ ಕಡೆ ಸಿಮೆಂಟ್ ಕಲಸುವ ಯಂತ್ರದ ಸದ್ದು ದೂರವಾಯಿತು. ಆಮೇಲೆ ಶಾಂತಮ್ಮ ಬೇರೆಯೇ ದನಿಯಲ್ಲಿ, "ಸಾಹೇಬ್ರ, ಫೋನ್ ನೀವು ತಗೋರಿ" ಎಂದಳು. "ನಾ ಆ ಮನಿಗಿ ಸೊಸಿ ಆಗಿ ಬಂದಾಗಿಂದ ಇಕಿ ಒಂದು ದಿನ ನನಗ ಉಂಡಿ ಏನ್ ಅಂತ ಕೇಳಿಲ್ಲರಿ. ಬೈದೇ ಮಾತಾಡ್ತಾಳ. ಮೇಕಿ ಸುದ್ದಿ ಹೇಳಲಾಕ ಫೋನ್ ಮಾಡಿದ್ರೂ ಬೈದೇ ಹೇಳ್ತಾಳ. ಇಕಿ ತಲಿಗಿ ಏನೋ ಆಗ್ಯಾದ. ಲಗೂ ಒಯ್ರಿ. ಮೇಕಿಗಿ ನಾ ಬರ್ತೇನಿ, ಈಗೇ ಬಸ್ ಹತ್ತತೇನಿ."

ಲಕ್ಷಣಗಳ ಪಟ್ಟಿಯಲ್ಲಿ ವಾಂತಿ ಇದೆ, ತೂಕಡಿಕೆ ಇದೆ, ತಲೆನೋವು ಇದೆ. ಸಿಹಿಮಾತು ಎದ್ದು ಕಾಣುವಂತೆ ಎಲ್ಲೂ ಇರಲಿಲ್ಲ. ಆದರೂ ಅಷ್ಟು ವರ್ಷ ಬೈಸಿಕೊಂಡವಳ ಮಾತನ್ನು ಮೀರುವ ಧೈರ್ಯ ನನಗೆ ಬರಲಿಲ್ಲ. ಟ್ಯಾಂಕರಿನವನು ಮೇಕೆಗಳನ್ನು ಕೊಟ್ಟಿಗೆಗೆ ಕೂಡಿ ಬಾಗಿಲು ಹಾಕಿದ. ನಾವು ಮಾಳಮ್ಮನನ್ನು ಮಲಗಿಸಿಕೊಂಡು ಹೊರಟೆವು. ಔರಾದ ದಾಟುವ ಹೊತ್ತಿಗೆ ವಾಂತಿ ಮಾಡಿದಳು. ಅದಾದ ಮೇಲೆ ಕಣ್ಣು ಮುಚ್ಚತೊಡಗಿದಳು. ಟಾರ್ಚ್ ಹಾಕಿ ನೋಡಿದರೆ ಒಂದು ಪಾಪೆ ದೊಡ್ಡದಾಗುತ್ತಿತ್ತು. ಆಕ್ಸಿಜನ್ ಹಚ್ಚಿ, ತಲೆಯ ಕಡೆ ಎತ್ತರಿಸಿ, ಬೀದರಿನ ದವಾಖಾನೆಗೆ ಫೋನ್ ಮಾಡಿ, ಉಳಿದ ದಾರಿ ಉದ್ದಕ್ಕೂ ಆಕೆಯನ್ನು ಮಾತಾಡಿಸುತ್ತ ಕೂತೆ. ನನ್ನ ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ, "ಉಂಡಿ ಏನು?" ಅದೂ ತೊದಲುತ್ತ ತೊದಲುತ್ತ ಬೀದರಿನ ಹತ್ತಿರ ನಿಂತುಹೋಯಿತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. "ಉಂಡೀನಿ ಅಕ್ಕಾ, ಉಂಡೀನಿ" ಎಂದು ನಾನೇ ಹೇಳುತ್ತಿದ್ದೆ, ಆಕೆ ಕೇಳದಿದ್ದರೂ.

ತಲೆಬುರುಡೆಯ ಕೆಳಗೆ ರಕ್ತ ತುಂಬಿ ಮಿದುಳನ್ನು ಒತ್ತುತ್ತಿತ್ತಂತೆ. ಆಪರೇಷನ್ ಮಾಡಿ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಹೇಳಿದರು. ಕೆಲವು ದಿನ ಬಿಟ್ಟು ನೋಡಲು ಹೋದೆ. ಮೇಕೆಗಳನ್ನು ತನ್ನ ಅಳಿಯನ ಊರಿಗೆ ಸಾಗಿಸಿ ಬಂದಿದ್ದ ಶಾಂತಮ್ಮ ವಾರ್ಡಿನ ಹೊರಗೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಎಲ್ಲ ಮುಗಿಯಿತೆಂದುಕೊಂಡೆ. ಆಕೆ ನಕ್ಕಳು. "ಮುಂಜಾನಿ ಬೈದಳ್ರಿ. ಕೆಲಸ ಬಿಟ್ಟು ಇಲ್ಲಿ ಹೆಣ ಕಾಯ್ಲಾಕ ಬಂದಿ ಏನ್ ಅಂದಳು."

ನಾನು ಆಸೆಯಿಂದ ಒಳಗೆ ಹೋದೆ. ಮಾಳಮ್ಮ ಬ್ಯಾಂಡೇಜಿನ ಕೆಳಗಿನಿಂದ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಇಂವಾ ಯಾಂವ? ಮೇಕಿ ಬಿಡಿಸಿ ನನ್ನ ಹೊತಗೊಂಡ್ ಬಂದಾಂವ ಇಂವನೇ ಏನು?" ಎಂದಳು. ಪೂರ್ತಿ ಗುಣವಾಗಿದ್ದಳು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಊಟದ ಬಗ್ಗೆ ವಿಚಾರಿಸಿದ ಒಬ್ಬಳೇ ಒಬ್ಬಳನ್ನು ನಾವೆಲ್ಲ ಸೇರಿ ಔಷಧಿ ಕೊಟ್ಟು ಓಡಿಸಿದೆವಲ್ಲ ಎಂದು ಮೆಟ್ಟಿಲಿಳಿಯುವಾಗ ಅನಿಸಿತು.

ಅಲ್ಲಿಂದ ಒಂದು ಚಿಂತೆ ನನ್ನನ್ನು ಹಿಡಿಯಿತು. ನಾಳೆ ನಾನೇ ಎಲ್ಲೋ ಬಿದ್ದರೆ? ಗಾಡಿ ಬಂದು, ಇವರು ಯಾವಾಗಲೂ ಹೀಗೇನಾ ಎಂದು ಕೇಳಿದರೆ, ಹೇಳುವವರು ಯಾರು? ಮನೆ ಮಾಲೀಕರಿಗೆ ನನ್ನ ಬೀಗ ಗೊತ್ತು, ನಾನು ಗೊತ್ತಿಲ್ಲ. ಮಸ್ತಾನ್ ಭಾಯ್‌ಗೇ ಕೇಳಿದೆ. ಅವನು ಗೇರ್ ಬದಲಿಸುತ್ತ ಯೋಚಿಸಿ, "ಹೌದ್ರಿ, ಇವರು ದಿನಾ ಹಿಂಗೇ ಬಡಬಡಸ್ತಾರ, ಚಿಂತಿ ಮಾಡಬ್ಯಾಡ್ರಿ ಅಂತೇನಿ" ಎಂದ. ಅಂದರೆ ತಲೆ ಒಡೆದು ಪ್ರಲಾಪಿಸುತ್ತಿದ್ದರೂ ನನ್ನನ್ನು ಅಲ್ಲೇ ಬಿಟ್ಟು ಹೋಗುವುದು ಖಾತ್ರಿ.

ಭಾಲ್ಕಿಯಲ್ಲಿ ನನಗೊಬ್ಬ ಅಕ್ಕ ಇದ್ದಾಳೆ, ಸಾಲಿ ಟೀಚರ್. ಆಕೆ ಫೋನ್ ಮಾಡಿದಾಗೆಲ್ಲ, 'ಏನು, ಲಗೂ ಹೇಳು' ಎಂದು ಎರಡು ಮಾತಿಗೆ ಮುಗಿಸುವುದು ನನ್ನ ರೂಢಿ. ನಾನಾಗಿ ಮಾಡಿದ್ದು ನೆನಪಿಲ್ಲ. ಡ್ಯೂಟಿ ಇಲ್ಲದ ಒಂದು ಸಂಜೆ ಕೋಣೆಯ ಮೆಟ್ಟಿಲ ಮೇಲೆ ಕೂತು ಹಚ್ಚಿದೆ. ದನಿ ಆದಷ್ಟು ಮೆತ್ತಗೆ ಮಾಡಿಕೊಂಡು, "ಅಕ್ಕಾ, ಹ್ಯಾಂಗಿದ್ದಿ? ಊಟ ಆಯ್ತೇನು?" ಎಂದೆ.

ಆ ಕಡೆಯಿಂದ, "ಯಾರ್ರಿ ನೀವು? ಈ ಫೋನ್ ನನ್ನ ತಮ್ಮಂದು. ಅವನಿಗಿ ಏನಾಗ್ಯಾದ್ರಿ?"

ಆ ದನಿ ನನಗೆ ಚೆನ್ನಾಗಿ ಗೊತ್ತು. ದಾರಿಯಲ್ಲಿ ಬಿದ್ದವರ ಕಿಸೆಯ ಫೋನಿನಿಂದ ಅವರ ಮನೆಗೆ ನಾನೇ ಎಷ್ಟೋ ಸಲ ಫೋನ್ ಮಾಡಿ ಅದನ್ನು ಕೇಳಿದ್ದೇನೆ. "ಅಕ್ಕಾ, ನಾನೇ" ಎಂದೆ, ಇನ್ನೂ ಮೆತ್ತಗೆ.

"ಸುಳ್ಳು ಹೇಳಬ್ಯಾಡ್ರಿ. ಎಲ್ಲಿ ಬಿದ್ದಾನ ಅಷ್ಟು ಹೇಳ್ರಿ, ಬರ್ತೇನಿ" ಎಂದು ಅಳತೊಡಗಿದಳು. ನಾನು ಸಮಾಧಾನ ಹೇಳಿದಷ್ಟೂ ಅವಳ ಅಳು ಹೆಚ್ಚಾಯಿತು. ಚಪ್ಪಲಿ ಹುಡುಕುತ್ತಿರುವುದೂ ಕೇಳಿಸಿತು. ಕೊನೆಗೆ ಬೇರೆ ದಾರಿ ಕಾಣದೆ, "ಏ, ಕಿವಿ ಕೆಟ್ಟಾವೇನ್ ನಿಂದು? ಇಡು ಫೋನ್, ನನಗ ಡ್ಯೂಟಿ ಅದ" ಎಂದು ಗದರಿದೆ.

ಅವಳು ಉದ್ದಕ್ಕೆ ಉಸಿರು ಬಿಟ್ಟಳು. "ಹಂಗಂದ್ರ ಆರಾಮ ಇದ್ದಿ ಬಿಡು" ಎಂದು ಫೋನ್ ಇಟ್ಟಳು. ಅವತ್ತು ನನಗೆ ಡ್ಯೂಟಿ ಇರಲಿಲ್ಲ. ಅವಳ ಊಟ ಆಗಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.