ಏಳಲೊಲ್ಲದ ಸರ್ವಿಸ್

ಬಾಡಿಗೆ ಕಾರು ಬಾಗಿಲಿಗೆ ಬಂದು ನಿಂತಿತ್ತು. ಅತ್ತೆಯವರು ಕಿಟಕಿ ಪಕ್ಕದ ಸೀಟು ಹಿಡಿದಾಗಿತ್ತು. ಮಗಳು ಮರಳಲ್ಲಿ ಆಡುವ ಬಕೆಟ್ಟನ್ನು ತಲೆಗೆ ಹಾಕಿಕೊಂಡು ಕುಣಿಯುತ್ತಿದ್ದಳು. ಮದುವೆಯಾದಾಗಿನಿಂದ ಹೆಂಡತಿಗೆ ತೋರಿಸುತ್ತೇನೆ, ತೋರಿಸುತ್ತೇನೆ ಎಂದು ಹೇಳುತ್ತಲೇ ಬಂದಿದ್ದ ಸಮುದ್ರಕ್ಕೆ ಅಂತೂ ಇಂತೂ ಹೊರಡುವ ಗಳಿಗೆ ಬಂದಿತ್ತು. ಆಗಲೇ ಅವನ ಫೋನು ಬಡಿದುಕೊಂಡಿತು.

ಅವನು ದೊಡ್ಡದೊಂದು ಲಾಂಡ್ರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅಲ್ಲಿ ಎಲ್ಲರಿಗೂ ಅವನು 'ಡಾಕ್ಟರ್'. ಯಾರ ಕೋಟು ಯಾವ ಕೊಕ್ಕೆಯಲ್ಲಿ ತೂಗುತ್ತಿದೆ ಎಂಬುದೆಲ್ಲ ಡೇಟಾಬೇಸಿಗೆ ಮಾತ್ರ ಗೊತ್ತು. ಅದನ್ನು ನಡೆಸುವ 'ಸರ್ವಿಸ್' ಎಂಬ ಪ್ರೋಗ್ರಾಂ ತೆರೆಮರೆಯಲ್ಲಿ ಸದಾ ಓಡುತ್ತಿರಬೇಕು. ಬೆಳಿಗ್ಗೆಯಿಂದ ಅದು ಏಳಲೊಲ್ಲದು ಎಂದರು ಫೋನಿನಲ್ಲಿ ಮ್ಯಾನೇಜರ್ ಮೇಡಂ.

ಹೀಗೆ ಹೋಗಿ ಹಾಗೆ ಬರುತ್ತೇನೆಂದು ಅವನು ಹೆಂಡತಿಗೆ ಹೇಳಿದ.

"ನಿಮ್ಮ ಹೀಗೆ ಹಾಗೆ ನಂಗೆ ಗೊತ್ತಿಲ್ವಾ?" ಎಂದಳು ಅವಳು. "ಮಧ್ಯಾಹ್ನದವರೆಗೆ ಕಾಯ್ತೀವಿ. ಆಮೇಲೆ ಹೊರಟೇಬಿಡ್ತೀವಿ."

ಲಾಂಡ್ರಿಯ ಕೌಂಟರಿನ ಮುಂದೆ ಜನ ಗಿಜಿಗುಡುತ್ತಿದ್ದರು. ಸಂಜೆ ಮದುವೆಯಿದ್ದ ಮದುಮಗನೊಬ್ಬ ಚಡ್ಡಿ, ಬನಿಯನ್ನಿನಲ್ಲೇ ಬಂದು ತನ್ನ ಸೂಟು ಕೇಳುತ್ತಿದ್ದ. ಡಾಕ್ಟರ್ ತನ್ನ ಮೇಜಿನತ್ತ ನುಗ್ಗಿದರೆ ಮೇಡಂ ಅಡ್ಡ ಬಂದರು. ರಜೆಯಲ್ಲಿರುವವರ ಲಾಗಿನ್ ತನ್ನಷ್ಟಕ್ಕೆ ಮುಚ್ಚಿಹೋಗಬೇಕೆಂದು ಹೋದ ತಿಂಗಳು ಏರ್ಪಾಡು ಮಾಡಿ ಚಪ್ಪಾಳೆ ಗಿಟ್ಟಿಸಿದವನು ಅವನೇ ತಾನೇ? ಈಗ ಅವನದೂ ಮುಚ್ಚಿತ್ತು, ಹಾಗಾಗಿ ಅವನು ಮೇಡಂ ಅವರ ಕಂಪ್ಯೂಟರಿನ ಮುಂದೆಯೇ ಕೂರಬೇಕಾಯಿತು.

ಸ್ಟಾರ್ಟ್ ಒತ್ತಿದ. ಪರದೆಯ ಮೇಲಿನ ಹಸಿರು ಗೆರೆ ಅರ್ಧ ದಾರಿ ತೆವಳಿ ಸತ್ತುಬಿತ್ತು. ಮತ್ತೆ ಒತ್ತಿದ, ಮತ್ತೆ ಬಿತ್ತು. ಡಿಸ್ಕಿನಲ್ಲಿ ಜಾಗವಿದೆಯೇ ನೋಡಿದ, ಬೇಕಾದಷ್ಟಿತ್ತು. ಸರ್ವರನ್ನೇ ಆರಿಸಿ ಹಚ್ಚಿದ. ಅಷ್ಟರಲ್ಲಿ ಸುತ್ತ ವೈದ್ಯರ ದೊಡ್ಡ ತಂಡವೇ ಸೇರಿತ್ತು. ಕ್ಯಾಷಿಯರ್ ತನ್ನ ಭಾವಮೈದುನನ ಕಂಪ್ಯೂಟರಿಗೂ ಹೀಗೇ ಆಗಿತ್ತೆಂದು ಶುರುಮಾಡಿದವನು ಭಾವಮೈದುನನ ಮನೆ ಜಗಳಕ್ಕೆ ಬಂದು ನಿಂತ. ಇಸ್ತ್ರಿ ಮೇಷ್ಟ್ರು, ಕೇಳದಿದ್ದರೂ ಸಹಾಯಕ್ಕೆಂದು, ಯಾವುದೋ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದರು. ಅದು ಬಟ್ಟೆ ತೂಗುಹಾಕುವ ಸರಪಳಿಯದು. ಸರಪಳಿ ಹುಚ್ಚು ಹಿಡಿದಂತೆ ತಿರುಗಿ ಕೋಟುಗಳನ್ನೆಲ್ಲ ಜನರ ಮೇಲೆ ಸುರಿಯಿತು. ಮದುಮಗ ಕೈಗೆ ಸಿಕ್ಕಿದ್ದನ್ನು ತೊಟ್ಟುಕೊಂಡ. ತೋಳು ಮೊಣಕೈಗೇ ಮುಗಿದಿತ್ತು.

ಗಡಿಯಾರ ನೋಡಿದ ಡಾಕ್ಟರಿಗೆ ಅಳುವೇ ಬಂತು. ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದ. ದೋಷದ ವಿವರ ತೆರೆದು ನಿಧಾನವಾಗಿ ಓದಿದ. ಸರ್ವಿಸ್ ಯಾರ ಹೆಸರಿನಲ್ಲಿ ಲಾಗಿನ್ ಆಗಬೇಕೋ ಅವರ ಖಾತೆ ಮುಚ್ಚಿದೆ, ಅದಕ್ಕೇ ಏಳಲಾಗುತ್ತಿಲ್ಲ ಎಂದಿತ್ತು. ಕೆಳಗೇ ಆ ಹೆಸರೂ ಇತ್ತು. ಅವನದೇ.

ಹಿಂದೊಮ್ಮೆ ಸರ್ವಿಸ್ ಕೂರಿಸುವಾಗ, ಊಟಕ್ಕೆ ಹೊತ್ತಾಯಿತೆಂದು, ತನ್ನ ಹೆಸರು ಪಾಸ್‌ವರ್ಡನ್ನೇ ಕೊಟ್ಟು ಎದ್ದಿದ್ದು ಈಗ ನೆನಪಾಯಿತು. ಮಾಡಿದ್ದುಣ್ಣೋ ಮಹರಾಯ. ಆದರೂ ಅವನಿಗೆ ಜೀವ ಬಂದಂತಾಯಿತು. ಬೇರೆ ಹೆಸರು ಕೊಟ್ಟರೆ ಮುಗಿಯಿತು, ಸಮುದ್ರ ಕೈಗೆ ಸಿಕ್ಕಂತೆಯೇ. ಸಂಭ್ರಮದಲ್ಲಿ ವಿಷಯವನ್ನೆಲ್ಲ ಬಾಯಿಬಿಟ್ಟ.

"ಅಷ್ಟೇನಾ?" ಎಂದು ಮೇಡಂ ಬಗ್ಗಿ, ಅವನ ರಜೆಯನ್ನು ರದ್ದು ಮಾಡಿ, ಸ್ಟಾರ್ಟ್ ಒತ್ತಿದರು.

ಹಸಿರು ಗೆರೆ ಸರ್ರನೆ ಕೊನೆ ಮುಟ್ಟಿತು. ಕೌಂಟರಿನಲ್ಲಿ ಸಿಳ್ಳೆ ಬಿತ್ತು.

ಐದು ನಿಮಿಷ ಕೊಡಿ, ಹೆಸರು ಬದಲಿಸಿ ಹೊರಟೆ ಎಂದು ಅವನು ಗೋಗರೆದ. ಮೇಡಂ ಗೋಡೆ ತೋರಿಸಿದರು. 'ಓಡುತ್ತಿರುವುದನ್ನು ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದವನೂ ಅವನೇ.

"ಪಾಪ, ನೀವಿಲ್ದೆ ಅದು ಏಳೋದೇ ಇಲ್ವಲ್ಲ ಡಾಕ್ಟರ್," ಎಂದರು ಮೇಡಂ, ನಿಜವಾದ ಮೆಚ್ಚುಗೆಯಿಂದ. "ಇನ್ಮೇಲೆ ನಿಮಗೆ ರಜೆ ಕೊಡೋ ತಪ್ಪು ನಾನು ಮಾಡಲ್ಲ."

ಸಂಜೆ ಹೆಂಡತಿಯ ಫೋನು ಬಂತು. ಹಿಂದಿನಿಂದ ಅಲೆಗಳ ಸದ್ದು, ಮಗಳ ಕೇಕೆ, ನೀರು ತಣ್ಣಗಿದೆ ಎಂಬ ಅತ್ತೆಯವರ ದೂರು, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಸರಿಹೋಯ್ತಾ ನಿಮ್ಮ ಸರ್ವಿಸ್ಸು?"

"ಹೋಯ್ತು."

"ಏನಾಗಿತ್ತಂತೆ ಅದಕ್ಕೆ?"



"ನಂಗೆ ರಜೆ ಸಿಕ್ಕಿತ್ತು," ಎಂದ.