ಸೀಟಿದ್ದಷ್ಟು ಸಾರ್ವಜನಿಕರು

ಮುನಿರಾಜು ಅವರ ಆ ದಿನ ಹಾಳಾಗಿದ್ದು ಒಂದು ಸೇವಂತಿಗೆ ಹಾರದಿಂದ. ಹಾರ ತಂದವರು ಬಡಾವಣೆಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ, ಧಾರವಾಡದ ಕಡೆಯಿಂದ ಬಂದು ನೆಲೆಸಿದ ಶಿವಬಸಪ್ಪ. ನಗರಸಭೆಯ ಗೇಟಿನಲ್ಲೇ ಅವರು ಅಡ್ಡ ನಿಂತರು.

"ಹಂಗ ಒಳಗ ಹೋಗಾಕ ಬಿಡಂಗಿಲ್ರೀ ಮುನಿರಾಜಣ್ಣಾರ. ಹೈಕೋರ್ಟಿನಾಗ ಗೆದ್ದು ಬಂದೀರಿ. ಸನ್ಮಾನ ಆಗಾಕಬೇಕು."

ಗೆದ್ದಿದ್ದಂತೂ ನಿಜ. ಸುತ್ತಲಿನ ಬಡಾವಣೆಗಳ ಕಸವನ್ನೆಲ್ಲ ತಂದು ಸುರಿದು ಲಾರಿಗೆ ತುಂಬಲು ನಗರಸಭೆ ಜಾಗ ಹುಡುಕುತ್ತಿತ್ತು. ಮಲ್ಲತ್ತಹಳ್ಳಿಯಲ್ಲಿ ಮುನಿರಾಜು ಅವರ ಮನೆಗೆ ಅಂಟಿಕೊಂಡ ಖಾಲಿ ಸೈಟಿನ ಮೇಲೂ ಕಣ್ಣು ಬಿದ್ದಿದೆ ಎಂಬ ಸುದ್ದಿ ಹಬ್ಬಿತು. ಜೀವಮಾನವೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿ ಗಂಟಲು ಹರಿದುಕೊಂಡು ಕಟ್ಟಿಸಿದ ಮನೆ ಅದು. ವಿಚಾರಿಸಲು ಹೋದರೆ ಗುಮಾಸ್ತ ತಲೆ ಎತ್ತಲಿಲ್ಲ. ಹೊಸದಾಗಿ ಬಂದಿದ್ದ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಕೊಡಲು ಬರುವುದಿಲ್ಲ ಎಂದರು. ಸಭೆಗೇ ಬಂದು ಕೂರುತ್ತೇನೆ ಎಂದರೆ ಚಿಲಕ ಹಾಕಿಕೊಂಡರು. ಜನರ ತೆರಿಗೆಯಲ್ಲಿ ಫ್ಯಾನು ತಿರುಗಿಸಿಕೊಂಡು, ಜನರ ದುಡ್ಡಿನ ಬೋಂಡಾ ತಿಂದು, ಆ ಜನರ ಮುಖಕ್ಕೇ ಬಾಗಿಲು ಹಾಕುವ ಸೊಕ್ಕಿಗೆ ಏನು ಹೇಳಬೇಕು? ಮುನಿರಾಜು ಕೆಂಡವಾದರು. ಉಣ್ಣುವಾಗ ಬೈದರು, ಸ್ನಾನ ಮಾಡುವಾಗ ಬೈದರು. "ನನ್ ಮುಂದೆ ಕೂಗಾಡಿ ಏನ್ ಬಂತು, ಕೋರ್ಟಿಗೆ ಹೋಗಿ" ಎಂದು ಹೆಂಡತಿ ರಾಮಮ್ಮ ಅಂದಿದ್ದೇ ತಡ, ಹೋಗಿಯೇಬಿಟ್ಟರು.

ಜನರನ್ನು ಬಿಟ್ಟರೆ ಸಭೆ ಸಂತೆಯಾಗುತ್ತದೆ ಎಂದು ನಗರಸಭೆಯ ವಕೀಲರು ಕೋರ್ಟಿನಲ್ಲಿ ಗೋಳಾಡಿದರು. ನ್ಯಾಯಾಧೀಶರು ಯೋಚನೆಗೆ ಬಿದ್ದದ್ದು ನೋಡಿ ಮುನಿರಾಜು ತಡೆಯಲಾರದೆ ಎದ್ದು, "ಸೀಟಿದ್ದಷ್ಟು ಜನಾನ ಹತ್ತಿಸ್ಕೊಳ್ಲಿ ಸ್ವಾಮಿ. ಸ್ಟ್ಯಾಂಡಿಂಗ್ ಬೇಡ" ಎಂದರು. ನ್ಯಾಯಾಧೀಶರಿಗೆ ನಗು ಬಂತು, ಮಾತೂ ಹಿಡಿಸಿತು. ಕುರ್ಚಿ ಇರುವಷ್ಟು ಸಾರ್ವಜನಿಕರನ್ನು ಒಳಗೆ ಬಿಡಬೇಕು, ಎಲ್ಲ ಜಾಗಗಳನ್ನೂ ಅವರ ಮುಂದಿಟ್ಟು ಆಕ್ಷೇಪಣೆ ಕೇಳಿಯೇ ತೀರ್ಮಾನಿಸಬೇಕು ಎಂದು ಆದೇಶ ಬರೆಸಿದರು. ಅಂಥ ಮೊದಲ ಸಭೆ ಇವತ್ತು. ಮುನಿರಾಜು ಬೀದಿಬೀದಿ ಡಂಗುರ ಹೊಡೆದಿದ್ದರಿಂದ ಬಡಾವಣೆಗೆ ಬಡಾವಣೆಯೇ ಬಂದಿತ್ತು.

ಗೇಟಿನ ಪಕ್ಕ ಶಾಮಿಯಾನದ ಕುರ್ಚಿಯೊಂದರಲ್ಲಿ ಅವರನ್ನು ಕೂರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿದರು. ಆಮೇಲೆ ಹಾರಗಳು. ಒಬ್ಬೊಬ್ಬರೂ ಹಾರ ಹಾಕಿ, ಫೋಟೋಗೆ ನಿಂತು, ಕೈಮುಗಿದು ನೆಟ್ಟಗೆ ಒಳಗೆ ನಡೆದರು.

"ಸಾಕು ಶಿವಬಸಪ್ನೋರೆ, ಮೀಟಿಂಗ್ ಶುರುವಾಗುತ್ತೆ."

"ನಿಮ್ಮನ್ನ ಬಿಟ್ಟು ಹೆಂಗ ಚಾಲೂ ಮಾಡ್ತಾರ್ರೀ? ಕುಂದರ್ರಿ."

ಎದುರು ಮನೆಯ ವಿಮಲಮ್ಮ ಆರತಿ ಎತ್ತಿ ಒಂದು ಭಾಷಣವನ್ನೂ ಬಿಗಿದರು. "ಮುನಿರಾಜಣ್ಣ ಇರೋವರೆಗೆ ನಮ್ಮನ್ನ ಯಾರೂ ಬಾಗಿಲಾಚೆ ನಿಲ್ಸೋ ಹಾಗಿಲ್ಲ" ಎಂದು ಆರತಿ ತಟ್ಟೆ ಸಮೇತ ಒಳಗೆ ಹೋದರು. ಕೊನೆಗೆ ಉಳಿದ ಶಿವಬಸಪ್ಪ, "ಹಾರ ತಗದು ಬರ್ರಿ, ನಾ ನಿಮಗ ಸೀಟ್ ಹಿಡೀತೀನಿ" ಎಂದು ಓಡಿದರು. ಹಾರದ ದಾರಗಳು ಪೇಟದ ಜರಿಗೆ ಸಿಕ್ಕಿಕೊಂಡಿದ್ದವು. ಬಿಡಿಸಿಕೊಂಡು ಮುನಿರಾಜು ಬಾಗಿಲಿಗೆ ಬರುವಷ್ಟರಲ್ಲಿ ಅದು ಮುಚ್ಚಿತ್ತು.

"ಸೀಟ್ ಫುಲ್ ಸಾರ್" ಎಂದ ಕಾವಲುಗಾರ ನಾಗರಾಜು.

"ಏಯ್, ಈ ಬಾಗಿಲು ತೆಗೆಸಿದ್ದೇ ನಾನು ಕಣಯ್ಯ."

"ಗೊತ್ತು ಸಾರ್. ನಿಮ್ ಆರ್ಡರ್‌ನಲ್ಲೇ ಇದೆಯಲ್ಲ, ಯಾರನ್ನೂ ನಿಲ್ಸಬಾರ್ದು ಅಂತ. ನಿಲ್ಸಿದ್ರೆ ಜೈಲು ಅಂದಿದಾರೆ ಸಾಹೇಬ್ರು."

"ಶಿವಬಸಪ್ಪ ನಂಗೆ ಸೀಟ್ ಹಿಡಿದಿದಾರೆ."

"ಟವೆಲ್ ಹಾಕಿದ್ರು ಸಾರ್. ಬ್ಯಾಡರಹಳ್ಳಿಯೋರು ಯಾರೋ ಟವೆಲ್ ಮೇಲೇ ಕೂತ್ಬಿಟ್ರು."

ಮುನಿರಾಜು ಗೇಟಿಗೆ ಓಡಿ, ಸನ್ಮಾನದ ಕುರ್ಚಿಯನ್ನು ಹೊತ್ತು ತಂದು ದಬಕ್ಕನೆ ಇಟ್ಟರು. "ಇಗೋ ಸೀಟು. ಈಗ ಬಿಡು."

"ಅದು ಶಾಮಿಯಾನದವರದ್ದು ಸಾರ್. ಲೆಕ್ಕಕ್ಕೆ ಬರಲ್ಲ."

ಮೈಯೆಲ್ಲ ಉರಿಯಿತು. ಕದ ಬಡಿದರು, ಆದೇಶದ ಪ್ರತಿ ಬೀಸಿದರು, ನಾಗರಾಜುವಿನ ವಂಶವನ್ನೆಲ್ಲ ಎಳೆದು ಬೈದರು. ಅವನು ಬೀಡಿ ಹಚ್ಚಿದ. ಕಡೆಗೆ ಗಂಟಲು ಕಟ್ಟಿ, ಪೇಟ ತೊಟ್ಟೇ ಬಾಗಿಲ ಮುಂದೆ ಆ ಕುರ್ಚಿಯಲ್ಲಿ ಕುಸಿದರು. ಒಳಗೆ ಆಗಾಗ ಚಪ್ಪಾಳೆ ಬೀಳುತ್ತಿತ್ತು. ಪ್ರತಿ ಚಪ್ಪಾಳೆಗೂ ಅವರು ಹಲ್ಲು ಕಡಿದರು.

ಬಾಗಿಲು ತೆರೆಯಿತು. ಜನ ಮದುವೆ ಊಟ ಮುಗಿಸಿದವರ ಹಾಗೆ ನಗುತ್ತ ಹೊರಬಂದರು.

"ನಿಮ್ ಪುಣ್ಯ ಮುನಿರಾಜಣ್ಣ" ಎಂದರು ವಿಮಲಮ್ಮ. "ಒಂದೊಂದು ಜಾಗದ ಹೆಸರು ಕೂಗಿ, ಆಕ್ಷೇಪಣೆ ಇದ್ಯಾ ಅಂತ ಕೇಳಿದ್ರು. ಪಾರ್ಕ್ ಮೂಲೆ ಅಂದ್ರು, ನಮ್ ಮಗಳ ಮನೆ ಅಲ್ಲೇ ಅಲ್ವಾ, ಎದ್ದು ನಿಂತೆ. ಬಿಟ್ಬಿಟ್ರು."

"ಸ್ಮಶಾನದ ಹಿಂದ ಅಂದ್ರು" ಎಂದರು ಶಿವಬಸಪ್ಪ. "ಅಲ್ಲಿ ನನ್ನ ಸೈಟ್ ಐತಲ್ರೀ. ನಾನೂ ಎದ್ದೆ."

"ನಮ್ಮನೆ ಪಕ್ಕದ್ದು?"

ಶಿವಬಸಪ್ಪ ತಮ್ಮ ಚಪ್ಪಲಿ ನೋಡಿಕೊಂಡರು. "ಅದು ಕಡೀಗೆ ಬಂತ್ರೀ. ಒಬ್ಬರಿಗೆ ಒಂದ ಸಲ ಮಾತಾಡಾಕ ಅವಕಾಶ ಅಂದ್ರು. ಎಲ್ಲಾರದೂ ಮುಗದಿತ್ತು. ನಿಮ್ಮನ್ನ ಬಾಳ ಹುಡಿಕಿದ್ವಿ, ನೀವ ಒಳಗ ಇರಲಿಲ್ಲ."

ಮುನಿರಾಜು ಪೇಟವನ್ನು ಕಿತ್ತು ನೆಲಕ್ಕೆ ಬಡಿದರು. ಎಲ್ಲರಿಗಿಂತ ಹಿಂದೆ ಬಂದ ನಗರಸಭೆಯ ಅಧ್ಯಕ್ಷರ ಎದುರು ನಿಂತು, "ಮತ್ತೆ ಕೋರ್ಟಿಗೆ ಹೋಗ್ತೀನಿ, ನಿಮ್ಮನ್ನ ಬಿಡಲ್ಲ" ಎಂದರು.

"ಹೋಗಿ ಸಾರ್, ನಿಮ್ಮ ಹಕ್ಕು" ಎಂದರು ಅಧ್ಯಕ್ಷರು, ತುಂಬ ವಿನಯದಿಂದ. "ಆದ್ರೆ ಇದು ಸಾರ್ವಜನಿಕರೇ ಮಾಡಿದ ತೀರ್ಮಾನ, ಅಲ್ಲೂ ನಿಲ್ಲುತ್ತೆ. ನಾವಂತೂ ನಿಮ್ಮ ಗಲಾಟೆಗೆ ಹೆದರಿ ಆ ಸೈಟನ್ನ ಹೋದ ವರ್ಷವೇ ಕೈಬಿಟ್ಟಿದ್ವಿ. ಎಲ್ಲ ಜಾಗಾನೂ ಜನರ ಮುಂದಿಡಿ ಅಂತ ಕೋರ್ಟ್ ಹೇಳಿದ್ದಕ್ಕೆ ಮತ್ತೆ ಸೇರಿಸಬೇಕಾಯ್ತು."

ಮುನಿರಾಜು ಅಧ್ಯಕ್ಷರಿಗೆ ಇನ್ನೂ ಹತ್ತಿರ ಬಂದರು.

"ಅದನ್ನ ಆಗಲೇ ಒಂದು ಮಾತು ನಂಗೆ ಹೇಳೋಕೇನಾಗಿತ್ತು?"

"ಹೇಗೆ ಹೇಳೋದು ಸಾರ್" ಎಂದರು ಅಧ್ಯಕ್ಷರು. "ಆಗಿನ್ನೂ ಸಭೆ ವಿಷಯ ಗುಟ್ಟಾಗಿತ್ತಲ್ಲ."